ಹೊಗೆಯಲ್ಲೂ ಸಯನೈಡ್ ಇರುತ್ತದೆ, ಆಂಬುಲೆನ್ಸ್‌ನಲ್ಲಿ ಮದ್ದು ಇರಲಿ
ಸಯನೈಡ್ ಅಂದ ಕೂಡಲೇ ಬೆಂಗಳೂರಿನವರಿಗೆ 1991ರಲ್ಲಿ ರಾಜೀವ್ ಗಾಂಧಿ ಹಂತಕರ ತಂಡ ಸಯನೈಡ್ ನುಂಗಿದ ಕೋಣನಕುಂಟೆ ನೆನಪಾಗುತ್ತದೆ. ಕರಾವಳಿಯವರಿಗೆ ಹೆಣ್ಣುಮಕ್ಕಳಿಗೆ ಸಯನೈಡ್ ಕೊಟ್ಟು ಕೊಂದ ಸಯನೈಡ್ ಮೋಹನ. ಕೋಲಾರದ ಕಡೆಯವರು ಕೆಜಿಎಫ್ ಚಿನ್ನದ ಗಣಿಯ ಸಯನೈಡ್ ತ್ಯಾಜ್ಯದ ದಿಬ್ಬಗಳನ್ನು ತೋರಿಸುತ್ತಾರೆ. ಮನೆಯ ಫೋಮ್ ಹಾಸಿಗೆ ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಪಾಲಿಯುರೆಥೇನ್ ಫೋಮ್, ನೈಲಾನ್, ಉಣ್ಣೆ, ರೇಷ್ಮೆ ಮುಚ್ಚಿದ ಕೋಣೆಯಲ್ಲಿ ಉರಿದರೆ ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆ ಹೈಡ್ರೋಜನ್ ಸಯನೈಡೂ ಇರುತ್ತದೆ. ಮಕ್ಕಳು ದೊಡ್ಡವರಿಗಿಂತ ಬೇಗ ಬೇಗ ಉಸಿರಾಡುತ್ತಾರೆ. ಹಾಗಾಗಿ ಮೈತೂಕಕ್ಕೆ ಹೋಲಿಸಿದರೆ ಅವರೊಳಗೆ ಹೋಗುವ ವಿಷ ಜಾಸ್ತಿ. 2025ರ ಮೇ ತಿಂಗಳಲ್ಲಿ ಹೈದರಾಬಾದಿನ ಚಾರ್ಮಿನಾರ್ ಹತ್ತಿರದ ಮನೆಗೆ ಬೆಂಕಿ ಬಿದ್ದು 17 ಜನ ಹೋದರಲ್ಲ, ಅವರಲ್ಲಿ 8 ಮಕ್ಕಳಿದ್ದರು. ಹೆಚ್ಚಿನವರು ಸತ್ತಿದ್ದು ಹೊಗೆ ಕುಡಿದು.

ಸಯನೈಡ್ ಜೀವಕೋಶದ ಒಳಗೆ ಹೋಗಿ ಆಮ್ಲಜನಕ ಬಳಸುವ ಕೆಲಸವನ್ನೇ ನಿಲ್ಲಿಸುತ್ತದೆ. ರಕ್ತದಲ್ಲಿ ಆಮ್ಲಜನಕ ಇದ್ದರೂ ಕೋಶಕ್ಕೆ ದಕ್ಕುವುದಿಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 98 ತೋರಿಸುತ್ತಿರಬಹುದು, ಮಗು ಸಾಯುತ್ತಿರಬಹುದು. ರಕ್ತದ ಸಯನೈಡ್ ಪರೀಕ್ಷೆಯ ವರದಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹಾಗಾಗಿ ಲಕ್ಷಣ ನೋಡಿಯೇ ನಿರ್ಧರಿಸಬೇಕು. ಮೂಗು, ಬಾಯಲ್ಲಿ ಮಸಿ, ಮಂಕು ಕವಿದ ಪ್ರಜ್ಞೆ, ಕುಸಿಯುತ್ತಿರುವ ಬಿಪಿ. ಇಷ್ಟು ಸಾಕು.

ಹೊಗೆಯ ಸಾವಿನಲ್ಲಿ ಸಯನೈಡಿನ ಕೈ ಇದೆ ಅನ್ನುವುದನ್ನು ಗಟ್ಟಿಯಾಗಿ ತೋರಿಸಿಕೊಟ್ಟವರು ಪ್ಯಾರಿಸ್‌ನವರು. ಅಲ್ಲಿ ಆಂಬುಲೆನ್ಸ್‌ನಲ್ಲಿ ಡಾಕ್ಟರೇ ಬರುತ್ತಾರೆ. ಬೆಂಕಿಗೆ ಸಿಕ್ಕಿದ 109 ಜನರ ರಕ್ತ ಪರೀಕ್ಷಿಸಿ 1991ರಲ್ಲಿ ಪ್ರಕಟಿಸಿದರು. ಸತ್ತವರಲ್ಲಿ ಸಯನೈಡ್ ಬಹಳ ಹೆಚ್ಚಿತ್ತು. ಅಲ್ಲಿ ಈಗ ಬೆಂಕಿ ಬಿದ್ದ ಜಾಗದಲ್ಲೇ ಹೈಡ್ರಾಕ್ಸೊಕೊಬಾಲಮಿನ್ ಕೊಡುತ್ತಾರೆ. ಇದು ಬಿ12 ವಿಟಮಿನ್ನಿನದೇ ಒಂದು ರೂಪ. ಸಯನೈಡನ್ನು ಹಿಡಿದುಕೊಂಡು ಮಾಮೂಲಿ ಬಿ12 ಆಗಿ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಮಕ್ಕಳಿಗೆ ಕೆ.ಜಿ.ಗೆ 70 ಮಿ.ಗ್ರಾಂ. 15 ಕೆ.ಜಿ. ಮಗುವಿಗೆ ಸುಮಾರು 1 ಗ್ರಾಂ, 15 ನಿಮಿಷದಲ್ಲಿ, ರಕ್ತನಾಳಕ್ಕೆ. ನಾಳ ಸಿಗದಿದ್ದರೆ ಮೂಳೆಯೊಳಗೆ ಸೂಜಿ ಹಾಕುತ್ತಾರೆ. ಆಮೇಲೆ ಚರ್ಮ, ಮೂತ್ರ ಕೆಂಪಾಗುತ್ತವೆ. ಅಪ್ಪ ಅಮ್ಮನಿಗೆ ಮೊದಲೇ ಹೇಳದಿದ್ದರೆ ಗಾಬರಿಯಾಗುತ್ತಾರೆ ಅಷ್ಟೇ.

ಹಳೆಯ ಮದ್ದು ಸೋಡಿಯಂ ನೈಟ್ರೈಟ್. ಅದು ರಕ್ತದ ಆಮ್ಲಜನಕ ಹೊರುವ ಶಕ್ತಿಯನ್ನೇ ಸ್ವಲ್ಪ ಕಡಿಮೆ ಮಾಡುತ್ತದೆ. ಹೊಗೆ ಕುಡಿದವರಲ್ಲಿ ಆ ಶಕ್ತಿಯನ್ನು ಕಾರ್ಬನ್ ಮಾನಾಕ್ಸೈಡ್ ಆಗಲೇ ಕಿತ್ತುಕೊಂಡಿರುತ್ತದೆ. ರಕ್ತ ಕಡಿಮೆ ಇರುವ ಮಗುವಾದರೆ ಇನ್ನೂ ಅಪಾಯ. ನಮ್ಮಲ್ಲಿ ಅಂಥ ಮಕ್ಕಳಿಗೆ ಬರವೇ?

‘ಹೊಸದು ದುಬಾರಿ, ಮೂರು ವರ್ಷಕ್ಕೆ ಅವಧಿ ಮುಗಿಯುತ್ತದೆ’ ಅನ್ನುತ್ತಾರೆ. ನಿಜ. 108ರ ಪ್ರತಿ ವಾಹನದಲ್ಲೂ ಇಡಿ ಅಂತ ನಾನೂ ಕೇಳುತ್ತಿಲ್ಲ. ದೊಡ್ಡ ಊರಿನ ಬೆಂಕಿ ಕರೆಗೆ ಹೋಗುವ ಒಂದೆರಡು ವಾಹನಗಳಲ್ಲಿ, ಸುಟ್ಟಗಾಯದ ವಾರ್ಡ್ ಇರುವ ಆಸ್ಪತ್ರೆಗಳಲ್ಲಿ ಇರಲಿ. 2013ರಲ್ಲಿ ಬ್ರೆಜಿಲ್‌ನ ಸಾಂತಾ ಮರಿಯಾದ ನೈಟ್‌ಕ್ಲಬ್‌ನಲ್ಲಿ ಫೋಮ್ ಉರಿದು 242 ಜನ ಸತ್ತರು. ಈ ಮದ್ದನ್ನು ಅಮೆರಿಕದಿಂದ ತರಿಸಬೇಕಾಯಿತು. ಬರುವಷ್ಟರಲ್ಲಿ ದಿನಗಳೇ ಕಳೆದಿದ್ದವು.

ಮದ್ದು ಬರುವ ತನಕ ಆಗುವ ಕೆಲಸವೂ ಇದೆ. ಮಗುವಿನ ಅಳತೆಯ ಮಾಸ್ಕ್, ಪೂರ್ತಿ ಆಮ್ಲಜನಕ, ಉಸಿರು ನಿಂತಿದ್ದರೆ ಉಸಿರು ತುಂಬುವ ಬ್ಯಾಗ್ ಒತ್ತುವುದು. ಆಕ್ಸಿಮೀಟರ್ ಏನೇ ಹೇಳಲಿ, ಆಮ್ಲಜನಕ ತೆಗೆಯಬಾರದು. ನೀವು ಅಲ್ಲಿದ್ದರೆ, ಏನು ಉರಿಯಿತು, ಮಗು ಹೊಗೆಯಲ್ಲಿ ಎಷ್ಟು ಹೊತ್ತಿತ್ತು ಅನ್ನೋದನ್ನ ಆಂಬುಲೆನ್ಸ್‌ನವರಿಗೆ ಮೊದಲು ಹೇಳಿ. ಅವರು ಕೇಳದಿದ್ದರೂ ಹೇಳಿ.