ಹಾಲಿನ ಪ್ಯಾಕೆಟ್ಟಿನ ದ್ವೀಪಗಳು

ಯಲಹಂಕದ ಗೆಳೆಯನ ಮನೆಯ ಗೇಟಿಗೆ ಕೈ ಹಾಕಿದಾಗ ನೆನಪಾಯಿತು: ಜಮೀನು ಬನಶಂಕರಿಯಲ್ಲೇ ಉಳಿದುಹೋಗಿದೆ.

ಬೆಂಗಳೂರಿನಲ್ಲಿ ಜಮೀನು ಎಲ್ಲೋ ಮರೆತು ಬರುವಷ್ಟು ಸಿರಿವಂತ ನಾನಲ್ಲ. ಇದು ಚಪ್ಪಲಿ ಡಬ್ಬದಲ್ಲಿ ಹಿಡಿಸುವ ಜಮೀನು. ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡಿನಾಟದಲ್ಲಿ ಐದು ಬಣ್ಣ, ಐದಕ್ಕೂ ಒಂದೊಂದು ಥರದ ಲ್ಯಾಂಡ್. ಬಿಳಿಗೆ ಬಯಲು, ನೀಲಿಗೆ ದ್ವೀಪ, ಕಪ್ಪಿಗೆ ಜೌಗು, ಕೆಂಪಿಗೆ ಬೆಟ್ಟ, ಹಸಿರಿಗೆ ಕಾಡು. ಕೈಯಲ್ಲಿ ಎಂಥ ಡ್ರ್ಯಾಗನ್ ಇರಲಿ, ಲ್ಯಾಂಡ್ ಇಲ್ಲದಿದ್ದರೆ ಒಲೆ ಇಲ್ಲದ ಮನೆಯ ಅಕ್ಕಿ ಮೂಟೆಯ ಹಾಗೆ ಸುಮ್ಮನೆ ಕೂತಿರುತ್ತದೆ. ಆ ಡಬ್ಬವನ್ನು ಮರೆಯಬಾರದು ಅಂತಲೇ ಬಾಗಿಲ ಪಕ್ಕ, ಶೂ ರ‍್ಯಾಕಿನ ಮೇಲೆ ಇಟ್ಟಿದ್ದೆ. ಶೂ ಹಾಕಿಕೊಂಡೆ, ಹೊರಟೆ.

ಭಾನುವಾರದ ಸಂಜೆ ಯಲಹಂಕದಿಂದ ಬನಶಂಕರಿಗೆ ಹೋಗಿ ಬರುವಷ್ಟರಲ್ಲಿ ಸೋಮವಾರ ಆಗುತ್ತದೆ. ವಾಪಸ್ ಹೋಗುವ ಮಾತನ್ನು ಯಾರೂ ಎತ್ತಲಿಲ್ಲ.

ಅವತ್ತಿನ ಆಟ ಏನೆಂದು ಸ್ವಲ್ಪ ಹೇಳಬೇಕು. ಗಣಿತ ಓದಿದ ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದವರು ಮಾಡಿದ ಈ ಆಟ 1993ರಲ್ಲಿ ಅಂಗಡಿಗೆ ಬಂತು. ಇದನ್ನು ಆಡುವುದಕ್ಕೆ ಹತ್ತಾರು ದಾರಿಗಳಿವೆ; ನನಗೆ ಹುಚ್ಚು ಹಿಡಿಸಿದ್ದು ಡ್ರಾಫ್ಟ್. ನಮ್ಮಲ್ಲಿ ಎಲ್ಲರೂ ದುಂಡಗೆ ಕೂತು ತಲಾ 15 ಎಲೆಯ ಪೊಟ್ಟಣ ಬಿಚ್ಚುತ್ತಾರೆ. ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಎಡಗಡೆಯವನಿಗೆ ದಾಟಿಸುವುದು. ಹಾಗೇ ಮುಗಿಯುವವರೆಗೂ. ಎರಡನೇ ಪೊಟ್ಟಣ ಬಲಕ್ಕೆ, ಮೂರನೆಯದು ಮತ್ತೆ ಎಡಕ್ಕೆ. ಕೈಗೆ ಬಂದ 45ರಲ್ಲಿ ಸುಮಾರು 23 ಆರಿಸಿ, 17 ಲ್ಯಾಂಡ್ ಸೇರಿಸಿದರೆ 40 ಎಲೆಯ ಕಟ್ಟು ಸಿದ್ಧ.

ಕಂಪನಿಯ ಪೊಟ್ಟಣ ಕೊಳ್ಳುವ ಬದಲು ನಾವೇ ಎಲೆ ಆರಿಸಿ ಜೋಡಿಸಿಟ್ಟುಕೊಂಡರೆ ಅದಕ್ಕೆ ಕ್ಯೂಬ್ ಎನ್ನುತ್ತಾರೆ. ಎಂಟು ಜನಕ್ಕೆ ಮೂರು ಮೂರು ಪೊಟ್ಟಣ, ಒಟ್ಟು 360 ಎಲೆ, ಒಂದರ ಹಾಗೆ ಇನ್ನೊಂದಿಲ್ಲ. ನನ್ನದು ಪಾಪರ್ ಕ್ಯೂಬ್. ಅಂದರೆ ಅಗ್ಗಕ್ಕೆ ಸಿಗುವ ಸಾಧಾರಣ ಕಾರ್ಡುಗಳದ್ದು ಮಾತ್ರ. ಇಂಗ್ಲಿಷಿನಲ್ಲಿ ಪಾಪರ್ ಎಂದರೆ ಬಡವ ಅಂತ ಅರ್ಥ. ‘ಇನ್ನೂ ಒಂದು ವರ್ಷ ಹೀಗೇ ಕಾರ್ಡು ತರಿಸ್ತಿರಿ, ಕನ್ನಡದ ಅರ್ಥಾನೂ ಬರುತ್ತೆ’ ಅಂತ ನನ್ನ ಹೆಂಡತಿ ಹೇಳಿಯಾಗಿದೆ.

ಕ್ಯೂಬ್ ಕಟ್ಟುವವನ ಪಾಡು ಮದುವೆ ಮನೆ ಅಡುಗೆ ಭಟ್ಟರದ್ದು. ತಾನು ಉಣ್ಣುವುದಕ್ಕಿಂತ ಪಂಕ್ತಿಯಲ್ಲಿ ಕೂತವರ ಮುಖ ನೋಡುವುದೇ ಹೆಚ್ಚು. ಹೋಳಿಗೆ ಮುಟ್ಟದೆ ಉಪ್ಪಿನಕಾಯಿ ಎರಡು ಸಲ ಹಾಕಿಸಿಕೊಂಡವನನ್ನು ಕಂಡರೆ ಜೀವ ಹಿಂಡುತ್ತದೆ. ನಾನು ಆರು ತಿಂಗಳು ಎಕ್ಸೆಲ್ ಹಾಳೆಯ ಮುಂದೆ ಕೂತಿದ್ದೆ. ಬಣ್ಣಕ್ಕೆ 50ರಂತೆ 250. ಎರಡೆರಡು ಬಣ್ಣದ ಹತ್ತು ಜೋಡಿಗಳಿಗೆ ಆರಾರು, 60. ಬಣ್ಣವಿಲ್ಲದ್ದು 50. ತಕ್ಕಡಿ ಹಿಡಿದ ನ್ಯಾಯದೇವತೆ ಬಂದರೂ ಒಂದು ಎಲೆ ಆಚೀಚೆ ಮಾಡಲಾರಳು ಅಂತ ನನ್ನ ಹೆಮ್ಮೆ.

ಎಂಟು ಜನ ಬರಬೇಕಿತ್ತು, ಆರು ಜನ ಬಂದರು. ಒಬ್ಬನಿಗೆ ಗೃಹಪ್ರವೇಶ, ಇನ್ನೊಬ್ಬನಿಗೆ ‘ಆನ್ ದಿ ವೇ’. ಅವನು ಇನ್ನೂ ದಾರಿಯಲ್ಲೇ ಇದ್ದಾನೆ.

ಲ್ಯಾಂಡ್ ಸಮಸ್ಯೆ ಬಗೆಹರಿಸಿದ್ದು ಗೆಳೆಯನ ಅಮ್ಮ. ‘ಅಂಕಲ್‌ದು ಇಸ್ಪೀಟ್ ಪ್ಯಾಕ್ ಎರಡಿದೆ, ಆಗುತ್ತಾ? ಮುಂದಿನ ಭಾನುವಾರ ರಮ್ಮಿಗೆ ಬೇಕು, ಹಾಗೇ ವಾಪಸ್ ಇಡ್ಬೇಕು ನೋಡಿ’ ಎಂದರು. ಆಂಟಿಗೆ ಗೊತ್ತಿರಲಿಲ್ಲ, ಮ್ಯಾಜಿಕ್ ಎಲೆಯ ಅಳತೆಯೂ ಅದೇ: 63 ಮಿಲಿಮೀಟರ್ ಅಗಲ, 88 ಉದ್ದ. ನಮ್ಮ ಒಂದೊಂದು ಎಲೆಗೂ ತೊಡಿಸುವ ಪ್ಲಾಸ್ಟಿಕ್ ಕವರಿನೊಳಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಇಸ್ಪೀಟು ಜೌಗಾಯಿತು, ಆಟೀನು ಬೆಟ್ಟ, ಕಳಾವರ್ ಕಾಡು, ಡೈಮಂಡು ಬಯಲು. ಒಂದೊಂದರಲ್ಲೂ 26. ನಾಲ್ಕು ಜಾತಿಗೆ ನಾಲ್ಕು ಬಣ್ಣ. ಐದನೆಯದಕ್ಕೆ?

‘ನೀಲಿ ಏನಾದ್ರೂ ಇದೆಯಾ ಆಂಟಿ?’

ಆಂಟಿ ಅಡುಗೆಮನೆಯಿಂದ ನಂದಿನಿ ಹಾಲಿನ ನೀಲಿ ಪ್ಯಾಕೆಟ್ಟುಗಳ ಕಟ್ಟು ತಂದರು. ತೊಳೆದು, ಒಣಗಿಸಿ, ಹಳೇ ಪೇಪರಿನವನಿಗೆ ಹಾಕಲು ರಬ್ಬರ್ ಬ್ಯಾಂಡ್ ಸುತ್ತಿಟ್ಟದ್ದು. ಒಂದು ಪ್ಯಾಕೆಟ್ಟಿಗೆ ಎರಡು ದ್ವೀಪ. ‘ಎಂಟು ಹತ್ತು ಪ್ಯಾಕೆಟ್ ಸಾಕು ಆಂಟಿ’ ಎಂದೆ. ಎಲ್ಲ ಬಣ್ಣವೂ ಸಮ ಎಂದು ನನ್ನ ಎಕ್ಸೆಲ್ ಹೇಳಿತ್ತಲ್ಲ, ಆರು ಜನರಲ್ಲಿ ನೀಲಿ ಹಿಡಿಯುವವರು ಇಬ್ಬರೋ ಮೂವರೋ.

ನಾಲ್ವರು ಹಿಡಿದರು.

ಮೊದಲ ಪೊಟ್ಟಣದಲ್ಲೇ ನೀಲಿ ಕಾರ್ಡುಗಳು ಬಿಸಿ ಬೋಂಡಾದಂತೆ ಖಾಲಿ. ಹಸಿರು ಮಾತ್ರ ಕೊನೆಯವರೆಗೂ ಸುತ್ತು ಬರುತ್ತಲೇ ಇತ್ತು, ಎರಡನೇ ಸಲ ಬಡಿಸಲು ಬಂದ ಹಾಗಲಕಾಯಿ ಗೊಜ್ಜಿನ ಹಾಗೆ. ‘ಎಣಿಕೆಲಿ ಐವತ್ತೈವತ್ತೇ ಕೊಟ್ಟಿದೀಯ ಮಾರಾಯ, ಆದ್ರೆ ಹಸಿರಿಗೆ ಮಲತಾಯಿ ಧೋರಣೆ’ ಎಂದ ನಮ್ಮ ಗುಂಪಿನ ವಕೀಲ. ‘ನೀಲಿಗೆ ಹುಡುಕಿ ಹುಡುಕಿ ಹಾಕಿದೀಯ. ಇಲ್ಲಿ ಸಿಕ್ಕಿದ್ದು ತುಂಬಿದೀಯ.’ ನಾನು ವಾದ ಮಾಡಲಿಲ್ಲ. ಯಾಕೆಂದರೆ ನನ್ನ ಕೈಯಲ್ಲಿದ್ದದ್ದೂ ನೀಲಿಯೇ.

ಬ್ಯಾಂಕಿನಲ್ಲಿರುವ ಗೆಳೆಯನ ಕಥೆ ಇನ್ನೂ ಕಷ್ಟದ್ದು. ಸ್ಮಶಾನಕ್ಕೆ, ಅಂದರೆ ಆಟದಲ್ಲಿ ಸತ್ತ ಎಲೆಗಳ ರಾಶಿಗೆ, ಹೋದ ಜೀವಿಗಳನ್ನು ಎಬ್ಬಿಸಿ ತರುವ ಒಂದು ತಂತ್ರವನ್ನು ನಾನು ಬಹಳ ಮುತುವರ್ಜಿಯಿಂದ ಕ್ಯೂಬಿನಲ್ಲಿ ಹೆಣೆದಿದ್ದೆ. ಅವನು ಅದನ್ನು ಪತ್ತೆ ಹಚ್ಚಿ, ನನ್ನ ಕಡೆ ಕಣ್ಣು ಮಿಟುಕಿಸಿ, ಸತ್ತರೆ ಲಾಭ ಕೊಡುವ ಜೀವಿಗಳನ್ನೆಲ್ಲ ಕೂಡಿಹಾಕಿದ. ಎಬ್ಬಿಸುವ ಮಂತ್ರ ಮಾತ್ರ ಬರಲೇ ಇಲ್ಲ. ಆರು ಜನಕ್ಕೆ ಹಂಚುವುದು 270 ಎಲೆ. ಉಳಿದ 90 ಡಬ್ಬದಲ್ಲೇ ಮಲಗಿರುತ್ತವೆ. ಆರು ಮಂತ್ರಗಳಲ್ಲಿ ಐದು ಅಲ್ಲಿದ್ದವು. ಪಾಪ, ರಾತ್ರಿಯಿಡೀ ಅವನು ಅಂತ್ಯಕ್ರಿಯೆ ಮಾಡುತ್ತಲೇ ಇದ್ದ.

ಆ 90ನ್ನು ನಾನು ನೋಡಿದ್ದು ಕವರುಗಳಿಗಾಗಿ. ಲ್ಯಾಂಡುಗಳಿಗೆ ಕವರು ಬೇಕಲ್ಲ, ಅವನ್ನೆಲ್ಲ ಬೆತ್ತಲೆ ಮಾಡಿ ಮೇಜಿನ ಮೂಲೆಯಲ್ಲಿ ರಾಶಿ ಹಾಕಿದೆ. ಆ ರಾಶಿಯಲ್ಲೇ ಇತ್ತು ಕೌಂಟರ್‌ಸ್ಪೆಲ್. ಎರಡು ನೀಲಿ ಲ್ಯಾಂಡ್ ಅಡ್ಡ ತಿರುಗಿಸಿದರೆ ಎದುರಾಳಿಯ ಯಾವ ಮಂತ್ರವನ್ನಾದರೂ ಬಾಯಲ್ಲೇ ಅಡಗಿಸುವ ಎಲೆ, ನನ್ನ ಕ್ಯೂಬಿನ ಕಣ್ಮಣಿ. ‘ನೀಲಿ ಜಾಸ್ತಿಯಾಯ್ತು, ಇದನ್ನ ತೆಗಿ’ ಅಂತ ಎಲ್ಲರೂ ಹಿಂದೆಯೇ ಹೇಳಿದ್ದರು. ಮೂರು ಸಲ ತೆಗೆದಿದ್ದೆ. ಮೂರು ಸಲವೂ ರಾತ್ರಿ ಎದ್ದು ವಾಪಸ್ ಹಾಕಿದ್ದೆ. ಅವತ್ತು ಅದು ಯಾರ ಕೈಗೂ ಬರದೆ ನಾಲ್ವರು ನೀಲಿಯವರಾಗಿದ್ದರು.

ಅಂತೂ 34 ದ್ವೀಪ ಬೇಕಾಯಿತು, ಹದಿನೇಳು ಪ್ಯಾಕೆಟ್ಟು. ಆಂಟಿ ಕತ್ತರಿ ಕೊಟ್ಟು ಬಾಗಿಲಲ್ಲೇ ನಿಂತರು. ಇಂಜಿನಿಯರು, ವಕೀಲ, ಬ್ಯಾಂಕು, ಎಲ್ಲರೂ ಚಕ್ಕಳ ಮಕ್ಕಳ ಹಾಕಿ ಹಾಲಿನ ಪ್ಯಾಕೆಟ್ಟು ಕತ್ತರಿಸುವುದನ್ನು ನೋಡಿ ಅವರು ಏನೂ ಹೇಳಲಿಲ್ಲ. ಅದೇ ಹೆಚ್ಚು ನೋವಾಯಿತು.

ಆಟ ಶುರುವಾದ ಮೇಲೆ ಹೊಸದೊಂದು ತಿಳಿಯಿತು. ಇಸ್ಪೀಟಿನ ಎಲೆ ಗಟ್ಟಿ, ಪ್ಯಾಕೆಟ್ಟು ಮೆತ್ತಗೆ. ಕಟ್ಟಿನ ಮೇಲಿನ ಕವರನ್ನು ಮುಟ್ಟಿದರೆ ಸಾಕು, ಅದು ದ್ವೀಪವೋ ಅಲ್ಲವೋ ಬೆರಳಿಗೇ ಗೊತ್ತಾಗುತ್ತಿತ್ತು. ಹತ್ತು ನಿಮಿಷದಲ್ಲಿ ನಾಲ್ವರೂ ಮಾವಿನಹಣ್ಣು ಅಮುಕಿ ನೋಡುವವರ ಹಾಗೆ ಕಟ್ಟು ಅಮುಕುತ್ತಿದ್ದರು. ಇದು ಮೋಸವೇ ಅಂತ ಕೇಳಿದರೆ ವಕೀಲ, ‘ಎಲ್ರಿಗೂ ಲಭ್ಯವಿರೋ ಮಾಹಿತಿ’ ಎಂದ. ಅವನೂ ನೀಲಿ.

ಜೊತೆಗೆ ಎಷ್ಟು ತೊಳೆದರೂ ಹಾಲು ಹಾಲೇ. ಹತ್ತೂವರೆಗೆ ಮೇಜಿನಿಂದ ಸಣ್ಣಗೆ ಹುಳಿ ವಾಸನೆ ಏಳತೊಡಗಿತು. ಗೆದ್ದವನು ಹಸಿರಿನವನು. ಯಾರೂ ಮುಟ್ಟದ ಬಣ್ಣವಾದ್ದರಿಂದ ಇದ್ದಬದ್ದದ್ದೆಲ್ಲ ಅವನಿಗೇ ದಕ್ಕಿತ್ತು.

ನಡುರಾತ್ರಿ ನಿದ್ದೆಗಣ್ಣಲ್ಲಿ ಕವರು ಬಿಚ್ಚಿ, ಎಲೆ ವಿಂಗಡಿಸಿ, ಇಸ್ಪೀಟ್ ಪ್ಯಾಕುಗಳನ್ನು ಟಿ.ವಿ. ಮೇಲಿಟ್ಟು ಹೊರಟೆ. ಮುಂದಿನ ಭಾನುವಾರ ಸಂಜೆ ಅಂಕಲ್ ಫೋನು.

‘ಏನಪ್ಪಾ, ನಮ್ಮ ಇಸ್ಪೀಟ್ ರಾಣಿ ಒಬ್ಳು ನಿನ್ನ ಜೊತೆ ಬಂದ್ಬಿಟ್ಟಿದಾಳಾ? ಅವಳ ಬದ್ಲು ಯಾವ್ದೋ ನೀಲಿ ಎಲೆ ಬಂದಿದೆ. ಕೌಂಟರ್ ಏನೋ ಅಂತ ಬರ್ದಿದೆ.’

ಎದೆ ಧಸಕ್ಕೆಂದಿತು. ‘ಅಯ್ಯೋ ಅಂಕಲ್, ಅದು ನನ್ದೇ. ನಾಳೆ ಬಂದು ತಗೊಂಡ್ ಹೋಗ್ತೀನಿ.’

‘ಬೇಡ ಬೇಡ. ನಾವದನ್ನ ಜೋಕರ್ ಮಾಡ್ಕೊಂಡ್ವಿ. ರಾಣಿ ನೀನೇ ಇಟ್ಕೋ.’

‘ಅದರ ಬೆನ್ನು ಬೇರೆ ಥರ ಇದೆಯಲ್ಲ ಅಂಕಲ್, ಯಾರ ಕೈಲಿದೆ ಅಂತ ಗೊತ್ತಾಗ್ಬಿಡಲ್ವಾ?’

‘ಗೊತ್ತಾಗ್ಲಿ ಬಿಡು. ಎದುರಿಗಿರೋನ ಕೈಲಿದೆ ಅಂತ ಗೊತ್ತಿದ್ದು ಹೆದ್ರಿಕೊಂಡ್ ಆಡೋದಿದ್ಯಲ್ಲ, ಅದರ ಮಜಾನೇ ಬೇರೆ.’

ಕೌಂಟರ್‌ಸ್ಪೆಲ್ಲನ್ನು ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ವಿವರಿಸಿಲ್ಲ. ಎಕ್ಸೆಲ್ ತೆಗೆದು ಆ ಸಾಲು ಅಳಿಸಿದೆ. ನೀಲಿ 49. ಇಸ್ಪೀಟ್ ರಾಣಿ ಈಗ ಜಮೀನಿನ ಡಬ್ಬದಲ್ಲಿ ಜೌಗಾಗಿ ಸಂಸಾರ ಮಾಡುತ್ತಿದ್ದಾಳೆ. ಮೂಗಿನ ಹತ್ತಿರ ಹಿಡಿದರೆ ಇನ್ನೂ ಮೊಸರಿನ ವಾಸನೆ.