ಬ್ರಿಕ್ ಗೇಮ್ ಅಂದ್ರೆ ಅಷ್ಟು ಸಸಾರನಾ?

ಹಳೇ ಸ್ಕೂಲ್ ಗ್ರೂಪಿನಲ್ಲಿ ಮೊನ್ನೆ ಒಬ್ಬ ಬರೆದಿದ್ದ, "ನಾವೆಲ್ಲ ಗೇಮ್ ಬಾಯ್ ಆಡಿ ಬೆಳೆದವರು" ಅಂತ. ಯಾರಪ್ಪ ಈ ನಾವು? ನಮ್ಮ ಕ್ಲಾಸಿನಲ್ಲಿ ಗೇಮ್ ಬಾಯ್, ಅಂದ್ರೆ ಜಪಾನಿನ ನಿಂಟೆಂಡೊ ಕಂಪನಿಯ ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್, ಇದ್ದದ್ದು ಅವನೊಬ್ಬನ ಹತ್ತಿರ. ಅದೂ ಅಮೆರಿಕದ ಮಾವ ತಂದುಕೊಟ್ಟಿದ್ದು. ನಾನು ಆಡಿದ್ದು ಬಸವನಗುಡಿ ಕಡಲೆಕಾಯಿ ಪರಿಷೆಯಲ್ಲಿ ಅಪ್ಪನ ಕೈ ಜಗ್ಗಿ, ಅತ್ತು ಕೊಡಿಸಿಕೊಂಡ ಬ್ರಿಕ್ ಗೇಮ್, ಮೇಲಿಂದ ಬೀಳುವ ಇಟ್ಟಿಗೆ ಜೋಡಿಸುವ ಪುಟ್ಟ ಆಟದ ಡಬ್ಬಿ. ಮೇಲೆ "9999 ಇನ್ 1" ಅಂತ ಬರೆದಿರುತ್ತಿತ್ತಲ್ಲ, ಅದೇ. ಲೆಕ್ಕ ಹಾಕಿದರೆ ಹತ್ತೋ ಹದಿನೈದೋ ಆಟ. ಮಿಕ್ಕಿದ್ದೆಲ್ಲ ಅದೇ ಆಟ, ಸ್ಪೀಡ್ ಜಾಸ್ತಿ ಅಷ್ಟೇ.

ನಾನು ಹಾಗಂದಿದ್ದಕ್ಕೆ ಅವನು, "ಅದು ಚೀಪ್ ಕಾಪಿ ಮಾಲು ಬಿಡೋ" ಅಂದ. ಕಾಪಿ ಅನ್ನೋದು ನಿಜ. ಆ ಇಟ್ಟಿಗೆ ಆಟದ ಮೂಲ ಟೆಟ್ರಿಸ್. ಅದನ್ನು ಮಾಡಿದ್ದು 1984ರಲ್ಲಿ, ಮಾಸ್ಕೋದ ಅಲೆಕ್ಸಿ ಪಜಿಟ್ನೊವ್. ನಮ್ಮ ಪರದೆಯ ಚೌಕಗಳೂ ಅದರಂತೆಯೇ, ಅಡ್ಡಕ್ಕೆ 10, ಉದ್ದಕ್ಕೆ 20. ಆದರೆ "ಚೀಪ್" ಅಂತ ಬೈದನಲ್ಲ, ಅದನ್ನು ಮಾತ್ರ ಒಪ್ಪುವುದಿಲ್ಲ.

ಕೈಯಲ್ಲಿ ಹಿಡಿದು ಆಡುವ ಈ ಆಟಗಳು ಹುಟ್ಟಿದ್ದೇ ಕ್ಯಾಲ್ಕುಲೇಟರ್ ಹೊಟ್ಟೆಯಲ್ಲಿ. 1976ರಲ್ಲಿ ಮ್ಯಾಟೆಲ್ ಕಂಪನಿ 'ಆಟೋ ರೇಸ್' ತಂದಾಗ ಒಳಗಿದ್ದದ್ದು ಕ್ಯಾಲ್ಕುಲೇಟರ್ ಚಿಪ್. ಕಾರು ಅಂದರೆ ಒಂದು ಕೆಂಪು ಗೀಟು. ಇಡೀ ಪ್ರೋಗ್ರಾಂ 512 ಬೈಟ್. ಈ ಪೋಸ್ಟಿನ ಮೊದಲ ಪ್ಯಾರಾ ಕೂಡ ಅಷ್ಟರಲ್ಲಿ ಹಿಡಿಸುವುದಿಲ್ಲ!

ಆಮೇಲೆ ಬಂದವರು ನಿಂಟೆಂಡೊದ ಗುನ್‌ಪೈ ಯೊಕೋಯ್. ರೈಲಿನಲ್ಲಿ ಯಾರೋ ಹೊತ್ತು ಹೋಗದೆ ಸುಮ್ನೆ ಕ್ಯಾಲ್ಕುಲೇಟರ್ ಒತ್ತುತ್ತಾ ಕೂತದ್ದನ್ನು ನೋಡಿ ಅವರಿಗೆ ಐಡಿಯಾ ಬಂತಂತೆ. 1980ರಲ್ಲಿ 'ಗೇಮ್ ಅಂಡ್ ವಾಚ್' ಅನ್ನೋ ಪುಟ್ಟ ಆಟದ ಯಂತ್ರ ಬಂತು. ಹಳೆಯದಾಗಿ ಅಗ್ಗವಾದ ಸಾಮಾನನ್ನೇ ಬೇರೆ ಥರ ಬಳಸಬೇಕು ಅನ್ನೋದು ಅವರ ಪಾಲಿಸಿ. ಆ ಯಂತ್ರದ ಪರದೆಯಲ್ಲಿ ಗೊಂಬೆ ನಿಜವಾಗಿ ಓಡುವುದೇ ಇಲ್ಲ. ಕೈ ಎತ್ತಿದ ಗೊಂಬೆ, ಇಳಿಸಿದ ಗೊಂಬೆ, ಎಲ್ಲ ಆಕಾರಗಳೂ ಗಾಜಿನೊಳಗೆ ಮೊದಲೇ ಇರುತ್ತವೆ. ಕರೆಂಟ್ ಹರಿದದ್ದು ಕಪ್ಪಾಗುತ್ತದೆ. ಓಡಿದ ಹಾಗೆ ಕಾಣುವುದು ನಮ್ಮ ಕಣ್ಣಿಗೆ. ಬ್ರಿಕ್ ಗೇಮ್‌ಗೆ ಸೆಲ್ ಹಾಕಿದ ತಕ್ಷಣ 200 ಚೌಕಗಳೂ ಒಟ್ಟಿಗೆ ಮೂಡುತ್ತಿದ್ದವಲ್ಲ, ನೆನಪಿದೆಯಾ? ಅದೇ ತಂತ್ರ.

ಇನ್ನು ಅವನ ಗೇಮ್ ಬಾಯ್! 1989ರದ್ದು, ಅದೇ ಯೊಕೋಯ್ ತಂಡದ್ದು. ಬಣ್ಣ ಇಲ್ಲ, ಪರದೆ ಹಿಂದೆ ಲೈಟ್ ಇಲ್ಲ. ಅದೇ ವರ್ಷ ಅದಕ್ಕೆ ಪೈಪೋಟಿಯಾಗಿ ಬಂದ ಅಟಾರಿ ಕಂಪನಿಯ ಲಿಂಕ್ಸ್‌ನಲ್ಲಿ ಎರಡೂ ಇತ್ತು, ಆದರೆ ಆರು ಸೆಲ್ ನುಂಗಿ ಬೇಗ ಮಲಗುತ್ತಿತ್ತು. ಗೆದ್ದದ್ದು ನಾಲ್ಕು ಸೆಲ್‌ನ ಗೇಮ್ ಬಾಯ್. ಚೀಪ್ ಅಂತ ಬೈಯುವವನು ಅದನ್ನೂ ಬೈಯಬೇಕು ಅಲ್ವಾ? ಇದನ್ನು ಗ್ರೂಪಿನಲ್ಲಿ ಹಾಕಿದೆ. ಹೆಬ್ಬೆರಳು ತೋರಿಸಿ ಸುಮ್ಮನಾದ.

ಜಗಳದ ಹುರುಪಿನಲ್ಲಿ ಅಟ್ಟ ಹತ್ತಿ ನನ್ನದನ್ನು ಹುಡುಕಿದೆ. ಸೆಲ್ ಸೋರಿ ಸ್ಪ್ರಿಂಗೆಲ್ಲ ಹಸಿರಾಗಿತ್ತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿನಲ್ಲಿ ಒಬ್ಬರು ಬಿಚ್ಚಿ, ಗಾಜಿಗೂ ಬೋರ್ಡಿಗೂ ನಡುವೆ ಇರುವ ರಬ್ಬರ್ ಪಟ್ಟಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಕೂರಿಸಿದರು. "ಜೀಬ್ರಾ ಸ್ಟ್ರಿಪ್ ಸಾರ್, ಇದು ಅಲ್ಲಾಡಿದ್ರೆ ಗೀಟು ಮಾಯ" ಅಂದರು. ದುಡ್ಡು ತಗೊಳ್ಳಲಿಲ್ಲ, ತಾವೇ ಒಂದು ರೌಂಡ್ ಆಡಿ ಕೊಟ್ಟರು.

ಬಲಗಡೆಯ ಒಂದು ಸಾಲು ಮಾತ್ರ ಇನ್ನೂ ಮೂಡುತ್ತಿಲ್ಲ. ಅಲ್ಲಿ ಇಟ್ಟಿಗೆ ಇದೆಯೋ ಇಲ್ಲವೋ, ಅಂದಾಜಿನ ಮೇಲೆ ಆಡುತ್ತಿದ್ದೇನೆ. ನಿನ್ನೆಯ ಸ್ಕೋರ್ 4,300.