ಇಪ್ಪತ್ತು ಮಕ್ಕಳ ಶೇಕಡಾವಾರು

ಪರ್ಯಾಯ ಸರ್ಕಾರಿ ಶಾಲೆಗಳಲ್ಲಿ ಪಾಸಾಗುವವರು ಕಡಿಮೆ, ಆದ್ದರಿಂದ ಪಾಠವೇ ಸರಿಯಿಲ್ಲ: ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳಿಗೆ ಶಾಲೆ ಹುಡುಕುವ ನಮ್ಮವರಿಗೂ ಬರುವ ಫಾರ್ವರ್ಡ್ ಇದು. ಅಂಕಿ ನಿಜವಿರಬಹುದು, ತೀರ್ಮಾನ ತಪ್ಪು.

ಪರ್ಯಾಯ ಶಾಲೆಯ ಮಾನ್ಯತೆಗೆ ಅರ್ಜಿ ಹಾಕಬೇಕಾದ ಶಾಲೆಗಳಲ್ಲಿ ಕನಿಷ್ಠ ಶೇ. 70 ಮಕ್ಕಳು ಓದು ಬಿಟ್ಟು ಮರಳಿದವರು, ಬೇರೆ ಶಾಲೆಯಿಂದ ಹೊರಹಾಕಲ್ಪಟ್ಟವರು, ಮನೆಯಿಲ್ಲದವರು, ಎಳೆಯ ತಾಯಂದಿರು ಇಂಥವರೇ ಆಗಿರಬೇಕು. ಹಿಂದೆ ಬಿದ್ದವರಿಗೆಂದೇ ತೆರೆದ ಬಾಗಿಲದು. ಪಕ್ಕದ ಹೈಸ್ಕೂಲಿನ ಜೊತೆ ತೂಗಿದರೆ ಹೇಗೆ?

ಸಂಖ್ಯೆಯೂ ಚಿಕ್ಕದು. 20 ಮಕ್ಕಳಲ್ಲಿ ಇಬ್ಬರು ಪರೀಕ್ಷೆಗೆ ಎಡವಿದರೆ ಫಲಿತಾಂಶ ಶೇ. 10 ಕುಸಿಯುತ್ತದೆ. 2,000 ಮಕ್ಕಳಿರುವಲ್ಲಿ ಅದು ಗೊತ್ತೇ ಆಗದು.

ಶಾಲೆಗಳ ಅಂಕಿಅಂಶ ತೋರಿಸುವ ರಾಜ್ಯದ ಜಾಲತಾಣ, ಸ್ಕೂಲ್ ಡ್ಯಾಶ್‌ಬೋರ್ಡ್, ಎಲ್ಲರಿಗೂ ತೆರೆದಿದೆ. ಮೊದಲು ದಾಖಲಾತಿ ನೋಡಿ, ಆಮೇಲೆ ಎರಡು ಮೂರು ವರ್ಷದ ಫಲಿತಾಂಶ. ಖಾಲಿ ಬಿಟ್ಟ ಕಡೆ ಮುಚ್ಚಿಟ್ಟಿದ್ದಾರೆಂದು ಗಾಬರಿ ಬೇಡ: 11ಕ್ಕಿಂತ ಕಡಿಮೆ ಮಕ್ಕಳ ಗುಂಪಿನ ಅಂಕಿ, ಗುರುತು ಸಿಗದಿರಲೆಂದು, ಪ್ರಕಟವಾಗುವುದಿಲ್ಲ.